ಕಾಲೇಜಲ್ಲಿ ಮಾಡಿದ ಕಿರುಚಿತ್ರ ಈಗ ನೋಡಿದರೆ ನಾಚಿಕೆಯಾಗುತ್ತದೆ, ಯೂಟ್ಯೂಬ್‌ನಿಂದ ಡಿಲೀಟ್ ಮಾಡಿಬಿಡಲಾ?

ಮಾಡಬೇಡಿ.

ನಟನೆ ಎಳಸಾಗಿದೆ, ಮಾತಿಗಿಂತ ಗಾಳಿ ಸದ್ದೇ ಜಾಸ್ತಿ ಕೇಳುತ್ತದೆ, ಆಫೀಸಿನವರು ಯಾರಾದರೂ ನೋಡಿದರೆ ಏನು ಅಂದುಕೊಳ್ಳುತ್ತಾರೋ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನಗೆ ಅರಸಾಳು ಸ್ಟೇಷನ್ ನೆನಪಾಯಿತು. ಅಲ್ಲಿ ನಾವು ಏನು ಮಾಡಿದೆವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಅದು 2005. ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಆಗಿನ್ನೂ ಮೀಟರ್‌ಗೇಜ್ ಹಳಿ. ಅದರ ಮೇಲೆ ರೈಲ್‌ಬಸ್ ಓಡುತ್ತಿತ್ತು. ಹೆಸರಿಗೆ ತಕ್ಕಂತೆ ಅದು ಬಸ್ಸೇ, ಹಳಿ ಮೇಲೆ ಹೋಗುವ ಬಸ್ಸು. ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ಕಾಡು ಗದ್ದೆಗಳ ನಡುವೆ ನಿಧಾನವಾಗಿ ಹೋಗುತ್ತಿತ್ತು. ಲೈನು ಬ್ರಾಡ್‌ಗೇಜ್ ಆಗುತ್ತದೆ, ಈ ರೈಲು ನಿಂತುಹೋಗುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅದು ನಿಲ್ಲುವ ಮೊದಲು ಒಂದು ಸಿನಿಮಾ ಮಾಡಬೇಕು ಅಂತ ನಮಗೆ ಹುಚ್ಚು ಹಿಡಿಯಿತು.

ಅರಸಾಳನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಶಂಕರ್‌ನಾಗ್ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದಾಗ ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆಗಿದ್ದು ಇದೇ ಪುಟ್ಟ ಸ್ಟೇಷನ್. ಅದೇ ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆ ಹುಡುಕಿಕೊಂಡು ಜನ ಬರುತ್ತಿದ್ದರು. ಅರಸಾಳಿನ ಕಡೆ ತಿರುಗಿ ನೋಡುವವರು ಆಗ ಕಡಿಮೆ. ಶಂಕರ್‌ನಾಗ್ ಕ್ಯಾಮೆರಾ ಇಟ್ಟ ಜಾಗದಲ್ಲಿ ನಮ್ಮ ಕ್ಯಾಮೆರಾ ಇಡುತ್ತೇವೆ ಎಂಬುದೇ ನಮಗೆ ದೊಡ್ಡ ಸಂಭ್ರಮ.

ಕಥೆ ಇಷ್ಟೇ: ಊರು ಬಿಟ್ಟು ಹೋದ ಮಗ ಈ ರೈಲಿನಲ್ಲೇ ವಾಪಸು ಬರುತ್ತಾನೆ ಎಂದು ಒಬ್ಬ ಮುದುಕ ದಿನಾ ಸ್ಟೇಷನ್ನಿಗೆ ಬಂದು ಕೂರುತ್ತಾನೆ. ಮುದುಕನ ಪಾತ್ರಕ್ಕೆ ಕಾಲೇಜಿನ ನಾಟಕ ತಂಡದ ಹುಡುಗನಿಗೆ ಬಿಳಿ ಗಡ್ಡ ಅಂಟಿಸುವ ಯೋಚನೆಯಿತ್ತು. ಜಾಗ ನೋಡಲು ಹೋದಾಗ ಸ್ಟೇಷನ್ ಹತ್ತಿರ ಒಬ್ಬರು ಸಿಕ್ಕರು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದು ರಿಟೈರ್ ಆದವರು. "ಅಜ್ಜ, ನೀವೇ ಮಾಡ್ತೀರಾ?" ಎಂದು ಕೇಳಿದೆವು. ಒಪ್ಪಿಕೊಂಡರು. ಹಣ ಕೊಡಲು ಹೋದರೆ ಬೈದರು. ಮಧ್ಯಾಹ್ನ ಅವರ ಮನೆಯಿಂದಲೇ ನಮಗೆಲ್ಲ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಬಂತು.

ಕ್ಯಾಮೆರಾ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋದಿಂದ ಬಾಡಿಗೆಗೆ ತಂದಿದ್ದು, ಸೋನಿ ಪಿಡಿ 170. ಆಗ ಮದುವೆ ಮನೆಗಳಲ್ಲಿ ಅದರದ್ದೇ ರಾಜ್ಯ. ಮಿನಿ ಡಿವಿ ಟೇಪಿನಲ್ಲಿ ರೆಕಾರ್ಡಿಂಗ್. ಬಾಡಿಗೆ ಕೊಟ್ಟವರು ಒಂದು ಮಾತು ಹೇಳಿ ಕಳಿಸಿದ್ದರು: ಶಾಟ್‌ಗಳ ನಡುವೆ ಟೇಪಿನಲ್ಲಿ ಖಾಲಿ ಜಾಗ ಬಿಡಬೇಡಿ, ಟೈಮ್‌ಕೋಡ್ (ಟೇಪಿನ ಮೇಲೆ ದಾಖಲಾಗುವ ಸಮಯದ ಗುರುತು) ತುಂಡಾದರೆ ಕ್ಯಾಪ್ಚರ್ ಮಾಡುವಾಗ, ಅಂದರೆ ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ, ಕೈಕೊಡುತ್ತದೆ. ಅದಕ್ಕೆ ನಮ್ಮ ಕ್ಯಾಮೆರಾ ಹುಡುಗ ಕಟ್ ಅಂದ ಮೇಲೂ ಎಷ್ಟೋ ಸಲ ನಿಲ್ಲಿಸುತ್ತಿರಲಿಲ್ಲ. ಓಡ್ತಾ ಇರಲಿ ಬಿಡು ಅನ್ನುತ್ತಿದ್ದ.

ಹಾಗಾಗಿ ಅಜ್ಜ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮಾತಾಡಿದ್ದೆಲ್ಲ ಟೇಪಿಗೆ ಬಂತು. ಮಳೆಗಾಲದಲ್ಲಿ ರಾತ್ರಿ ಕಂದೀಲು ಹಿಡಿದು ಹಳಿ ಕಾಯುತ್ತಾ ನಡೆಯುವುದು. ಮರವೋ ಮಣ್ಣೋ ಬಿದ್ದಿದ್ದರೆ ದೂರದಲ್ಲೇ ಹಳಿಗೆ ಪಟಾಕಿ ಕಟ್ಟುವುದು, ಅದರ ಮೇಲೆ ಚಕ್ರ ಹತ್ತಿ ಸಿಡಿದಾಗ ಡ್ರೈವರ್ ಬ್ರೇಕ್ ಹಾಕುವುದು. ಶಂಕರ್‌ನಾಗ್ ತಂಡ ಬಂದಿದ್ದ ದಿನಗಳ ಕಥೆಯನ್ನೂ ಹೇಳಿದರು. ಅದರಲ್ಲಿ ಏನೇನು ಹೇಳಿದರು ಎಂದು ನನಗೆ ಈಗ ಸರಿಯಾಗಿ ನೆನಪಿಲ್ಲ. ಟೇಪಿನಲ್ಲಿದೆಯಲ್ಲ ಎಂದು ನಾವು ಯಾರೂ ಕಿವಿಗೊಟ್ಟು ಕೇಳಿರಲಿಲ್ಲ. ಹಾಗೆ ಹೇಳಿದರೂ ಪೂರ್ತಿ ಸತ್ಯವಲ್ಲ. ನಮಗೆ ಮುಂದಿನ ಶಾಟ್‌ನ ಚಿಂತೆ, ಬೆಳಕು ಹೋಗುತ್ತಿದೆ ಎಂಬ ಆತುರ.

ಈಗ ನಾವು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಮಾಡುವಾಗ ಅದು ತಪ್ಪು ಎಂದು ಯಾರಿಗೂ ಅನಿಸಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅಂದುಕೊಂಡೇ ಮಾಡಿದೆವು.

ಹಾಸ್ಟೆಲ್ ಗೆಳೆಯನ ಕಂಪ್ಯೂಟರಿನಲ್ಲಿ ಎಡಿಟಿಂಗ್. ಅದರ ಹಾರ್ಡ್‌ಡಿಸ್ಕ್ 40 ಜಿಬಿ. ಒಂದು ಗಂಟೆಯ ಡಿವಿ ಟೇಪು ಕಂಪ್ಯೂಟರಿಗೆ ಬಂದರೆ ಸುಮಾರು 13 ಜಿಬಿ ತಿನ್ನುತ್ತದೆ. ವಿಂಡೋಸ್ಸು, ಅವನ ಓದಿನ ಫೈಲುಗಳು, ಹಾಡುಗಳು ಎಲ್ಲ ಇದ್ದ ಮೇಲೆ ಉಳಿಯುವುದೆಷ್ಟು? ಹಾಗಾಗಿ ಬೇಕಾದ ಶಾಟ್‌ಗಳನ್ನು ಮಾತ್ರ ಕ್ಯಾಪ್ಚರ್ ಮಾಡಿಕೊಂಡೆವು. ಅಜ್ಜನ ಹರಟೆ ಟೇಪಿನಲ್ಲೇ ಉಳಿಯಿತು.

ಆಮೇಲೆ ಹೆಡ್‌ಫೋನ್ ಹಾಕಿ ಕೇಳಿದರೆ ಧ್ವನಿ ಚೆನ್ನಾಗಿಲ್ಲ. ಕ್ಯಾಮೆರಾದ ಮೇಲೆಯೇ ಇದ್ದ ಮೈಕು, ಅಜ್ಜ ದೂರ. ಗಾಳಿ, ಕಾಗೆ, ಎಲ್ಲೋ ಸೌದೆ ಒಡೆಯುವ ಸದ್ದು. ಅದಕ್ಕಿಂತ ಹೆಚ್ಚಾಗಿ ನಮಗೆ ಚುಚ್ಚಿದ್ದು ಅಜ್ಜನ ಮಾತು. ನಾವು ಬರೆದುಕೊಟ್ಟ ಸಂಭಾಷಣೆ "ರೈಲು ಬಂದೇ ಬರುತ್ತದೆ ಮಗು, ನಾವು ಕಾಯಬೇಕು" ಎಂದು. ಅಜ್ಜ ಅದನ್ನು ಹಾಗೆ ಹೇಳಲೇ ಇಲ್ಲ. ಹಳಿಯ ಕಡೆ ನೋಡುತ್ತಾ, "ಬತ್ತದೆ ತಗಾ, ಎಲ್ಲಿಗೆ ಹೋಗ್ತದೆ ಅದು" ಅಂದಿದ್ದರು. ಎಷ್ಟು ಸಲ ತೆಗೆದರೂ ಅಷ್ಟೇ.

ಇವತ್ತು ಆ ಸಾಲನ್ನು ಯಾರಾದರೂ ಬರೆದು ತಂದರೆ ನಾನು ಅವರಿಗೆ ಕೈ ಮುಗಿಯುತ್ತೇನೆ. ಆಗ ನಮಗೆ ಅದು ಸಿನಿಮಾ ಭಾಷೆ ಅನಿಸಲಿಲ್ಲ. ನಾವು ನೋಡಿ ಬೆಳೆದ ಕನ್ನಡ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಡಬ್ಬಿಂಗ್ ಥಿಯೇಟರಿನಲ್ಲೇ ಮಾತು ಕೂರಿಸುತ್ತಿದ್ದರು. ಶೂಟಿಂಗ್ ಜಾಗದಲ್ಲಿ ಹಿಡಿದ ಧ್ವನಿ ಬರೀ ಪೈಲಟ್ ಟ್ರ್ಯಾಕ್, ತುಟಿ ಹೊಂದಿಸಲು ಇಟ್ಟುಕೊಳ್ಳುವುದು. ನಾವೂ ಹಾಗೇ ಮಾಡಬೇಕು, ಆಗಲೇ ಅದು ನಿಜವಾದ ಸಿನಿಮಾ ಅಂತ ನಂಬಿದ್ದೆವು. ತರಗತಿಯಲ್ಲಿ ಒಬ್ಬನಿಗೆ ರೇಡಿಯೋ ವಾರ್ತೆಯವರಂಥ ಗಂಭೀರ ದನಿಯಿತ್ತು. ಕಿಟಕಿಗೆಲ್ಲ ಕಂಬಳಿ ಕಟ್ಟಿ, ಅವನನ್ನು ಕೂರಿಸಿ, ಅಜ್ಜನ ತುಟಿಗೆ ಅವನ ಮಾತು ಹೊಂದಿಸಿದೆವು. ಅಜ್ಜನ ಧ್ವನಿಯಿದ್ದ ಟ್ರ್ಯಾಕನ್ನು ಟೈಮ್‌ಲೈನಿನಿಂದ ಅಳಿಸಿದೆವು. ಕೆಳಗೆ ಒಂದು ಕೊಳಲಿನ ಟ್ಯೂನ್. ಕಾಗೆ ಹೋಯಿತು, ಗಾಳಿ ಹೋಯಿತು.

ಡಿವಿಡಿ ಬರೆದೆವು. ಕಾಲೇಜು ಫೆಸ್ಟಿನಲ್ಲಿ ತೋರಿಸಿದೆವು, ಚಪ್ಪಾಳೆ ಬಂತು. ಅಷ್ಟರಲ್ಲಿ ಆ ಕಂಪ್ಯೂಟರಿನಲ್ಲಿ ಬೇರೆ ಪ್ರಾಜೆಕ್ಟಿಗೆ ಜಾಗ ಬೇಕಾಯಿತು. ಸಿನಿಮಾ ಮುಗಿದಿದೆಯಲ್ಲ ಎಂದು ಕ್ಯಾಪ್ಚರ್ ಫೈಲುಗಳನ್ನು ಅಳಿಸಿದೆವು. ಕಡೆಗೆ ಟೇಪುಗಳು. ಒಂದೊಂದು ಟೇಪಿಗೆ ನೂರು ಚಿಲ್ಲರೆ ರೂಪಾಯಿ, ಬಾಡಿಗೆಯಲ್ಲೂ ಸ್ವಲ್ಪ ಬಾಕಿಯಿತ್ತು. ಬಾಕಿಗೆ ವಜಾ ಮಾಡಿಕೊಳ್ಳಿ ಎಂದು ಟೇಪುಗಳನ್ನು ಸ್ಟುಡಿಯೋದವರಿಗೇ ಕೊಟ್ಟೆ. ಕೊಟ್ಟವನು ನಾನೇ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಅವುಗಳ ಮೇಲೆ ಯಾರದೋ ಮದುವೆ ರೆಕಾರ್ಡ್ ಆಗಿರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಟೇಪು ಇರುವುದೇ ಅದಕ್ಕೆ. ಆದರೆ ಡಿವಿ ಟೇಪಿನ ಮೇಲೆ ಹೊಸದು ರೆಕಾರ್ಡ್ ಆದ ಮೇಲೆ ಹಳೆಯದನ್ನು ಹೊರಗೆ ತೆಗೆಯಲು ಯಾವ ದಾರಿಯೂ ಇಲ್ಲ.

ಡಿಸ್ಕಿನಲ್ಲಿ ಸಿನಿಮಾ ಇದೆ ಅಂದರೆ ಎಲ್ಲ ಇದೆ ಅಂದುಕೊಂಡೆವು. ತಪ್ಪು ಅದೊಂದೇ. ಉಳಿದದ್ದೆಲ್ಲ ಅದರಿಂದಲೇ ಬಂತು. ಉಪ್ಪಿನಕಾಯಿ ಸುರಿದು ಭರಣಿ ತೊಳೆದಿಟ್ಟ ಹಾಗೆ.

2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ರೈಲು ಬಂತು. 2020ರಲ್ಲಿ ಅರಸಾಳಿನ ಹಳೆ ಸ್ಟೇಷನ್ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಅದಾದ ಸ್ವಲ್ಪ ದಿನಕ್ಕೆ ನನಗೊಂದು ಫೋನ್ ಬಂತು. ಅಜ್ಜನ ಮಗಳು. ನಾವು ಶೂಟಿಂಗಿಗೆ ಹೋದಾಗ ಗಂಜಿ ಪಾತ್ರೆ ಹೊತ್ತು ತಂದಿದ್ದ ಹುಡುಗಿ. ಅಜ್ಜ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ನನ್ನ ನಂಬರನ್ನು ಎಲ್ಲೆಲ್ಲೋ ವಿಚಾರಿಸಿ ತೆಗೆದುಕೊಂಡಿದ್ದರು.

"ಅಣ್ಣಾ, ಅಪ್ಪಯ್ಯ ಅವತ್ತು ಶಂಕರ್‌ನಾಗ್ ಬಂದಿದ್ದು, ಹಳಿ ಕಾಯೋದು ಎಲ್ಲ ಹೇಳ್ತಾ ಇದ್ರಲ್ಲ, ನಿಮ್ಮ ಕ್ಯಾಮೆರಾ ಓಡ್ತಾ ಇತ್ತು. ಅದು ನಿಮ್ಮ ಹತ್ರ ಇದೆಯಾ? ಮಕ್ಕಳಿಗೆ ಕೇಳಿಸಬೇಕಿತ್ತು. ಫೋಟೋ ಇದಾವೆ, ದನಿ ಎಲ್ಲೂ ಇಲ್ಲ."

ಡಿವಿಡಿ ಹುಡುಕಿದೆ. ಓಡಿತು, ಅಲ್ಲಲ್ಲಿ ನಿಂತು ನಿಂತು ಓಡಿತು. ಕಾಪಿ ಮಾಡಿ ಕಳಿಸಿದೆ. ಕಳಿಸುವ ಮೊದಲೇ ಹೇಳಿದೆ, ಅದರಲ್ಲಿರುವುದು ನಿಮ್ಮ ತಂದೆಯ ದನಿಯಲ್ಲ ಎಂದು. ಅವರು ನೋಡಿ, "ಅಪ್ಪಯ್ಯ ಚೆನ್ನಾಗಿ ಕಾಣ್ತಾರೆ ಅಣ್ಣಾ" ಎಂದು ಮೆಸೇಜ್ ಹಾಕಿದರು. ಬೇಸರದ ಒಂದು ಮಾತೂ ಆಡಲಿಲ್ಲ. ಅವರಿಗೆ ಏನು ಉತ್ತರ ಬರೆಯಬೇಕೆಂದು ನನಗೆ ತುಂಬ ಹೊತ್ತು ತಿಳಿಯಲಿಲ್ಲ.

ಈಗ ನಿಮ್ಮ ಪ್ರಶ್ನೆ. ಇಟ್ಟುಕೊಳ್ಳಲಾ, ಡಿಲೀಟ್ ಮಾಡಲಾ ಎಂದು ಕೇಳಿದ್ದೀರಿ. ಚಿತ್ರ ಚೆನ್ನಾಗಿದ್ದರೆ ಇರಲಿ, ಇಲ್ಲದಿದ್ದರೆ ಹೋಗಲಿ ಎಂಬ ಲೆಕ್ಕ ಅದರ ಹಿಂದಿದೆ. ನನಗೆ ಆ ಲೆಕ್ಕವೇ ಒಪ್ಪಿಗೆಯಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಗಿರೀಶ್ ಕಾಸರವಳ್ಳಿ ಮಾಡಿದ ಡಿಪ್ಲೊಮಾ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. 2024ರಲ್ಲಿ ಅದೇ ಸಂಸ್ಥೆಯ ವಿದ್ಯಾರ್ಥಿ, ನಮ್ಮ ಚಿದಾನಂದ ನಾಯ್ಕ್, ಕನ್ನಡದ ಜನಪದ ಕಥೆಯೊಂದನ್ನು ಚಿತ್ರ ಮಾಡಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದರು. ಅಂಥ ಚಿತ್ರಗಳನ್ನು ಜೋಪಾನ ಮಾಡಲು ಜನ ಇದ್ದಾರೆ. ನಮ್ಮ ನಿಮ್ಮಂಥವರು ಮಾಡಿದ್ದಕ್ಕೆ ನಾವಲ್ಲದೆ ಇನ್ಯಾರೂ ಇಲ್ಲ. ಅದು ಕಲೆಯಾಗಿ ನಿಲ್ಲಬೇಕಾಗಿಲ್ಲ. ಅದರಲ್ಲಿ ನಿಮ್ಮ ಗೆಳೆಯರು ಹತ್ತೊಂಬತ್ತು ಇಪ್ಪತ್ತು ವಯಸ್ಸಿನಲ್ಲಿ ಹೇಗೆ ಮಾತಾಡುತ್ತಿದ್ದರು ಎಂಬುದಿದೆ. ಹಾಸ್ಟೆಲ್ ಕಾರಿಡಾರ್ ಇದೆ. ಈಗ ಕೆಡವಿರಬಹುದಾದ ಕ್ಯಾಂಟೀನ್ ಇದೆ.

ಗಾಳಿ ಸದ್ದು ಜಾಸ್ತಿ ಅಂದಿರಲ್ಲ, ಅದನ್ನೂ ಮುಟ್ಟಬೇಡಿ. ಈಗ ಎಐ ಬಂದಿದೆ, ಕ್ಲೀನ್ ಮಾಡಿಸಿ ಮತ್ತೆ ಹಾಕೋಣ ಅನಿಸಬಹುದು. ಮಾಡಿಸುವುದಿದ್ದರೆ ಕಾಪಿಗೆ ಮಾಡಿಸಿ, ಮೂಲ ಹಾಗೇ ಇರಲಿ. 'ತಿಥಿ' ಸಿನಿಮಾ ಬಂದಾಗ ಥಿಯೇಟರಿನಲ್ಲಿ ಕೂತು ನನಗೆ ಒಳಗೊಳಗೇ ಸಂಕಟವಾಗಿತ್ತು. ಮಂಡ್ಯದ ಹಳ್ಳಿಯವರು, ನಟರೇ ಅಲ್ಲದವರು, ತಮ್ಮದೇ ಮಾತಿನಲ್ಲಿ ಮಾತಾಡುತ್ತಿದ್ದರು. ಜನ ಅದನ್ನೇ ಮೆಚ್ಚಿ ಹೊಗಳುತ್ತಿದ್ದರು. ಹತ್ತು ವರ್ಷ ಮೊದಲು ಅರಸಾಳಿನಲ್ಲಿ ನಮ್ಮ ಕೈಯಲ್ಲಿ ಅದೇ ಇತ್ತು.

ಆಫೀಸಿನವರ ವಿಷಯಕ್ಕೆ ಹೆಚ್ಚು ಹೇಳಲು ಏನಿಲ್ಲ. ನೋಡುತ್ತಾರೆ, ಒಂದು ದಿನ ಮಾತಾಡುತ್ತಾರೆ, ಮರೆಯುತ್ತಾರೆ. ತೀರಾ ಕಸಿವಿಸಿಯಾದರೆ ವಿಡಿಯೋವನ್ನು ಪ್ರೈವೇಟ್ ಮಾಡಿ. ಡಿಲೀಟ್ ಮಾಡಿದರೆ ಮಾತ್ರ ಯೂಟ್ಯೂಬ್ ಅದನ್ನು ವಾಪಸು ಕೊಡುವುದಿಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಬೇರೆ ಮಾತು: ಚಿತ್ರದಲ್ಲಿ ಇರುವವರೇ ಯಾರಾದರೂ, ಅದರಲ್ಲೂ ಹೆಣ್ಣುಮಕ್ಕಳು, ನನಗೆ ಇದು ಬೇಡ ಎಂದು ಕೇಳಿದರೆ ವಾದ ಮಾಡದೆ ಅವತ್ತೇ ಇಳಿಸಿ. ಅದು ಅವರ ಮುಖ.

ಯೂಟ್ಯೂಬಿನಲ್ಲಿದೆ ಅಂದ ಮಾತ್ರಕ್ಕೆ ನಿಮ್ಮ ಹತ್ತಿರ ಇದೆ ಅಂತಲೂ ತಿಳಿಯಬೇಡಿ. ಯೂಟ್ಯೂಬ್ ಸ್ಟುಡಿಯೋದ ಡೌನ್‌ಲೋಡ್ ಬಟನ್ನಿನಿಂದ ಬರುವುದು ಹಿಂಡಿ ಸಣ್ಣದು ಮಾಡಿದ ಫೈಲು. ಅದರ ಬದಲು ಗೂಗಲ್ ಟೇಕ್‌ಔಟ್ (ಗೂಗಲ್‌ನಲ್ಲಿರುವ ನಿಮ್ಮದೇ ಫೈಲುಗಳನ್ನು ವಾಪಸು ಪಡೆಯುವ ಸೌಲಭ್ಯ) ಮೂಲಕ ಇಳಿಸಿಕೊಳ್ಳಿ. ಡಿವಿಡಿ ಇದ್ದರೆ ಅದರಲ್ಲಿರುವ ಫೋಲ್ಡರನ್ನು ಇದ್ದಂತೆಯೇ ಪೂರ್ತಿ ಕಾಪಿ ಮಾಡಿ, ಎಂಪಿ4 ಆಮೇಲೆ ಬೇಕಾದರೆ ಮಾಡಿಕೊಳ್ಳಬಹುದು. ಮಿನಿ ಡಿವಿ ಟೇಪು ಇದ್ದರೆ ತಡ ಮಾಡಲೇಬೇಡಿ. ಅದನ್ನು ಓಡಿಸುವ ಕ್ಯಾಮೆರಾಗಳು ಈಗ ತಯಾರಾಗುವುದಿಲ್ಲ, ಆ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಪೋರ್ಟ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬರುವುದಿಲ್ಲ. ಹಳೆ ಮದುವೆ ಸ್ಟುಡಿಯೋಗಳಲ್ಲಿ ಇನ್ನೂ ಒಂದೊಂದು ಕ್ಯಾಮೆರಾ ಕೆಲಸ ಮಾಡುತ್ತಿರುತ್ತದೆ, ಹೋಗಿ ಕೇಳಿ. ಬರೀ ಸಿನಿಮಾದ ಭಾಗ ಸಾಕು ಅನ್ನಬೇಡಿ, ಟೇಪು ಮೊದಲಿನಿಂದ ಕೊನೆಯವರೆಗೆ ಓಡಲಿ. ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಒಂದು ಬೇರೆ ಊರಿನಲ್ಲಿರುವ ಗೆಳೆಯನ ಮನೆಯಲ್ಲಿರಲಿ.

ಇದೆಲ್ಲಕ್ಕಿಂತ ಮೊದಲು ಒಂದು ಫೋನ್ ಮಾಡಿ. ನಿಮ್ಮ ಚಿತ್ರ ಎಡಿಟ್ ಮಾಡಿದವರು ಯಾರೋ ಒಬ್ಬರು ಇರುತ್ತಾರಲ್ಲ, ಅವರಿಗೆ. ರಾ ಫೂಟೇಜ್, ಅಂದರೆ ಎಡಿಟ್ ಮಾಡುವ ಮೊದಲಿನ ಮೂಲ ಚಿತ್ರೀಕರಣ, ಸಾಮಾನ್ಯವಾಗಿ ಅವರ ಹಳೆ ಲ್ಯಾಪ್‌ಟಾಪಿನಲ್ಲೇ ಉಳಿದಿರುತ್ತದೆ. ಅದನ್ನು ಗುಜರಿಗೆ ಹಾಕಬೇಡ, ಈ ಭಾನುವಾರ ನಾನೇ ಹಾರ್ಡ್‌ಡಿಸ್ಕ್ ತಗೊಂಡು ಬರ್ತೀನಿ ಅಂತ ಹೇಳಿ.