ಕಿಟಕಿಯ ಪಕ್ಕದಲ್ಲಿ ಬೆಳಕಿನ ಪಾಠ

ಪ್ರಶ್ನೆ: ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಫ್ಲ್ಯಾಶ್ ಹಾಕಿ ತೆಗೆದ ಅಜ್ಜಿಯ ಚಿತ್ರದಲ್ಲಿ ಮುಖ ಚಪ್ಪಟೆಯಾಗಿ ಕಾಣುತ್ತದೆ. ಏನು ಮಾಡಲಿ?
– ಓದುಗರು, ಡೊಂಬಿವಲಿ

ಉತ್ತರ: ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಎದುರಿನಿಂದಲೇ ಬೆಳಗುವುದರಿಂದ, ಮೂಗು, ಕೆನ್ನೆಗಳ ಉಬ್ಬುತಗ್ಗನ್ನು ತೋರಿಸಬೇಕಾದ ನೆರಳು ಚಿತ್ರದಲ್ಲಿ ಕಾಣದಂತಾಗುತ್ತದೆ. ಕೆಲವು ವಾರ ಫ್ಲ್ಯಾಶ್ ಮುಟ್ಟಬೇಡಿ. ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಬೆಳಕು ಸುಮಾರು 45 ಡಿಗ್ರಿ ಓರೆಯಾಗಿ ಮುಖಕ್ಕೆ ತಾಗುವಂತೆ ಅಜ್ಜಿಯನ್ನು ಕೂರಿಸಿ, ಮನೆಯ ದೀಪಗಳನ್ನೆಲ್ಲ ಆರಿಸಿ, ನೆರಳಿನ ಬದಿಗೆ ಬಿಳಿಯ ಥರ್ಮಾಕೋಲ್ ಹಾಳೆಯೊಂದನ್ನು ಹಿಡಿದರೆ, ಹಣೆಯ ಸುಕ್ಕೂ ಮೂಗುತಿಯ ಹೊಳಪೂ ಚಿತ್ರದಲ್ಲಿ ಉಳಿಯುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಮೋಡ ಕವಿದ ಆಕಾಶ ಬಲು ಮೃದುವಾದ ಬೆಳಕು ಕೊಡುತ್ತದೆ. ಆ ದಿನಗಳನ್ನು ದಯವಿಟ್ಟು ಕಳೆದುಕೊಳ್ಳಬೇಡಿ. ಮುಂದೆ ಫ್ಲ್ಯಾಶ್ ಬಳಸುವಾಗ ಅದನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕದಲ್ಲಿಡಿ. ಅದರ ದೂರ ಇಮ್ಮಡಿಯಾದರೆ ಮುಖಕ್ಕೆ ತಲಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.