ಟಿವಿ ಮ್ಯೂಟ್ ಮಾಡಿ, ಮನ್ಸನ್ ಹಾಕಿ

ನಿಮ್ಮ ಪ್ರಶ್ನೆ ಇದು: "ಅಮೆರಿಕದ ಜಾರ್ಜಿಯಾದಲ್ಲಿ ಜನ ಟಿವಿಯಲ್ಲಿ ಕಾಲೇಜು ಫುಟ್‌ಬಾಲ್ ನೋಡುವಾಗ ಅದರ ಶಬ್ದ ನಿಲ್ಲಿಸಿ, ರೇಡಿಯೋ ಕಾಮೆಂಟರಿ ಹಾಕಿಕೊಳ್ಳುತ್ತಿದ್ದರಂತೆ. ಲ್ಯಾರಿ ಮನ್ಸನ್ ಅಂತ ಒಬ್ಬರಿಗಾಗಿ. ನಿಜಾನಾ? ಒಬ್ಬ ಕಾಮೆಂಟೇಟರ್ ಮೇಲೆ ಅಷ್ಟು ಪ್ರೀತಿ ಯಾಕೆ?"

ನಿಜ. ನಾನೇ ಕಣ್ಣಾರೆ ನೋಡಿದ್ದೇನೆ. ಕೊನೆಗೆ ನಾನೂ ಹಾಗೇ ಮಾಡುತ್ತಿದ್ದೆ.

2000ದ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನಿಂದ ಏಥೆನ್ಸ್‌ಗೆ ಓದಲು ಬಂದೆ. ಗ್ರೀಸ್ ದೇಶದ್ದಲ್ಲ, ಜಾರ್ಜಿಯಾ ವಿಶ್ವವಿದ್ಯಾಲಯ ಇರುವ ಏಥೆನ್ಸ್. ಮಣ್ಣು ನಮ್ಮ ಕೋಲಾರದ ಕಡೆಯದರ ಹಾಗೆ ಕೆಂಪು. ಬೀದಿ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಸಿಗುತ್ತದೆ. ಅದನ್ನು ನೋಡಿ ನನಗೆ ಅರ್ಧ ಊರಿಗೆ ಬಂದ ಹಾಗಾಗಿತ್ತು. ಅಲ್ಲಿನ ಫುಟ್‌ಬಾಲ್ ಮಾತ್ರ ಒಂದಕ್ಷರವೂ ಅರ್ಥವಾಗಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅನ್ನುತ್ತಾರೆ. ಮೈದಾನ 100 ಗಜ, ಚೆಂಡು ಹಿಡಿದು ಎದುರಾಳಿಯ ತುದಿ ದಾಟಿದರೆ ಪಾಯಿಂಟ್. ಗೆರೆಗಳ ಲೆಕ್ಕ ನಮ್ಮ ತುದಿಯಿಂದ ಶುರುವಾಗಿ ನಡುವಿನ 50ರವರೆಗೆ ಏರುತ್ತದೆ, ಅಲ್ಲಿಂದ ಎದುರಾಳಿಯ ತುದಿಯವರೆಗೆ ಇಳಿಯುತ್ತದೆ. ಈ ಏರಿಳಿತವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಮನೆ ಮಾಲೀಕರು ಅರವತ್ತು ದಾಟಿದವರು. ಅವರ ಮನೆಯ ಹಿಂದಿನ ಒಂದು ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಮೊದಲ ಶನಿವಾರ ಆಟ ನೋಡಲು ಬಾ ಅಂತ ಗ್ಯಾರೇಜಿಗೆ ಕರೆದರು. ಅಲ್ಲೊಂದು ಚಿಕ್ಕ ಟಿವಿ. ಪಕ್ಕದ ಮೇಜಿನ ಮೇಲೆ ಹಳೆಯ ರೇಡಿಯೋ, ಅದರ ಆಂಟೆನಾಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದ್ದರು. ಟಿವಿ ಹಾಕಿದ ಕೂಡಲೇ ಶಬ್ದ ಪೂರ್ತಿ ಇಳಿಸಿ ರೇಡಿಯೋ ಕಿವಿ ತಿರುವಿದರು. ಒರಟು ದನಿಯೊಂದು ಹೊರಬಂತು. ಗಂಟಲಲ್ಲಿ ಜಲ್ಲಿಕಲ್ಲು ಉರುಳಿದ ಹಾಗೆ. ಆ ದನಿಗೆ ಆಗ 77 ವರ್ಷ.

ಕಾಮೆಂಟರಿ ನನಗೆ ಹೊಸದಲ್ಲ. ನಮ್ಮಪ್ಪ ರೇಡಿಯೋಗೆ ಕಿವಿ ಹಚ್ಚಿ ಕ್ರಿಕೆಟ್ ಕೇಳುತ್ತಿದ್ದರು. ಆದರೆ ಈ ಮನುಷ್ಯ ಮಾತಾಡುವ ರೀತಿ ಬೇರೆ ಇತ್ತು. ಅವರು "ಜಾರ್ಜಿಯಾ ತಂಡ" ಅನ್ನುತ್ತಿರಲಿಲ್ಲ. "ನಾವು" ಅನ್ನುತ್ತಿದ್ದರು. ನಾವು ಎಸೆದೆವು, ನಾವು ಕೈಚೆಲ್ಲಿದೆವು, ನಮ್ಮ ಹತ್ತಿರ ಸಮಯವಿಲ್ಲ. ಜೊತೆಗೆ ಸದಾ ಆತಂಕ. ಎದುರಾಳಿ ಎಷ್ಟು ದೊಡ್ಡವರು, ಎಷ್ಟು ಜೋರಾಗಿದ್ದಾರೆ, ನಮ್ಮ ಹುಡುಗರಿಗೆ ಎಷ್ಟು ಸುಸ್ತಾಗಿದೆ! ಮದುವೆ ಮನೆಯಲ್ಲಿ ಹೆಣ್ಣಿನ ತಂದೆ ಚಡಪಡಿಸುತ್ತಾರಲ್ಲ, ಥೇಟ್ ಹಾಗೆ. ಹದಿನಾಲ್ಕು ಪಾಯಿಂಟ್ ಮುಂದಿದ್ದರೂ ಅವರಿಗೆ ಸಮಾಧಾನವಿಲ್ಲ.

ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಭಿಮಾನಿಯ ಹೊಟ್ಟೆಯೊಳಗಿನ ಭಯವನ್ನು ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಟಿವಿಯವರು ಎರಡೂ ತಂಡಕ್ಕೆ ಸಮನಾಗಿ ಮಾತಾಡಬೇಕು. ಮನ್ಸನ್ ನಿಮ್ಮ ಪಕ್ಕದಲ್ಲೇ ಕೂತು ನಿಮ್ಮಷ್ಟೇ ಹೆದರುತ್ತಿದ್ದರು. ಹಾಗೆ ಹೆದರಿದವರು ಗೆದ್ದಾಗ ಕೂಗಿದರೆ ಆ ಕೂಗಿನ ತೂಕವೇ ಬೇರೆ, ಅಲ್ವಾ?

ಇನ್ನೂ ಒಂದು ಸೋಜಿಗ ಏನೆಂದರೆ, ಅವರು ಜಾರ್ಜಿಯಾದವರೇ ಅಲ್ಲ. ಹುಟ್ಟಿದ್ದು 1922ರಲ್ಲಿ, ಉತ್ತರದ ಮಿನಿಯಾಪೊಲಿಸ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈದ್ಯಕೀಯ ವಿಭಾಗದಲ್ಲಿದ್ದರು. ಆಮೇಲೆ ನ್ಯಾಶ್‌ವಿಲ್‌ನಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಟಗಳಿಗೆ ದನಿಯಾಗಿದ್ದರು, ಮೀನು ಹಿಡಿಯುವುದರ ಬಗ್ಗೆ ಟಿವಿ ಕಾರ್ಯಕ್ರಮವನ್ನೂ ನಡೆಸಿದರು. ಜಾರ್ಜಿಯಾಗೆ ಬಂದದ್ದು 1966ರಲ್ಲಿ. ಹೊರಗಿನವರನ್ನು ಊರು ಒಂದೇ ದಿನದಲ್ಲಿ ಒಪ್ಪಲಿಲ್ಲ. 1973ರಲ್ಲಿ ಜಾರ್ಜಿಯಾ, ಟೆನೆಸಿ ತಂಡವನ್ನು ಅದರ ತವರು ನಾಕ್ಸ್‌ವಿಲ್‌ನಲ್ಲೇ 35-31ರಿಂದ ಸೋಲಿಸಿದಾಗ ಮನ್ಸನ್ "ದೇವರೇ, ಜಾರ್ಜಿಯಾ ನಾಕ್ಸ್‌ವಿಲ್‌ನಲ್ಲಿ ಟೆನೆಸಿಯನ್ನು ಸೋಲಿಸಿತು!" ಅಂತ ಕೂಗಿದರು. ಅವತ್ತಿನಿಂದ ಅವರು ನಮ್ಮವರಾದರು ಅಂತ ನಮ್ಮ ಮಾಲೀಕರು ಹೇಳುತ್ತಿದ್ದರು.

ಆದರೆ ಯಾವ ಹಳೆಯ ಅಭಿಮಾನಿಯನ್ನು ಮಾತಾಡಿಸಿದರೂ ಮಾತು ಹೋಗಿ ನಿಲ್ಲುವುದು 1980ಕ್ಕೆ. ಆ ವರ್ಷ ಹರ್ಷಲ್ ವಾಕರ್ ಅನ್ನುವ ಹುಡುಗ ಮೊದಲ ಸಲ ಕಣಕ್ಕಿಳಿದ. ಟೆನೆಸಿ ವಿರುದ್ಧ ಮೊದಲ ಆಟದಲ್ಲೇ ಎದುರಿಗೆ ಬಂದ ಆಟಗಾರನನ್ನು ಗುದ್ದಿ ಕೆಡವಿ ಅವನ ಮೇಲೇ ಓಡಿಹೋದ. ಮನ್ಸನ್ ಅವನ ತೊಡೆಗಳನ್ನು, ಟೆನೆಸಿಯವರ ಕಿತ್ತಳೆ ಬಣ್ಣದ ಅಂಗಿಗಳನ್ನು ಒಂದೇ ಉಸಿರಲ್ಲಿ ವರ್ಣಿಸಿ, ಕೊನೆಗೆ "ದೇವರೇ, ಮೊದಲ ವರ್ಷದ ಹುಡುಗ!" ಅಂದರು. ಕಾಲೇಜಿಗೆ ಈಗಷ್ಟೇ ಸೇರಿದ ಹುಡುಗನ ಬಗ್ಗೆ ಅಷ್ಟೊಂದು ಅಚ್ಚರಿ ಆ ನಾಲ್ಕು ಮಾತಿನಲ್ಲಿತ್ತು.

ಆಮೇಲೆ ನವೆಂಬರ್ 8. ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಫ್ಲಾರಿಡಾ ತಂಡದ ಜೊತೆ ಆಟ. ಜಾರ್ಜಿಯಾ ಆವರೆಗೆ ಒಂದೂ ಸೋತಿರಲಿಲ್ಲ. ಈಗ 20-21ರಿಂದ ಹಿಂದೆ. ಒಂದೂವರೆ ನಿಮಿಷವೂ ಉಳಿದಿಲ್ಲ. ಚೆಂಡು ನಮ್ಮದೇ ತುದಿಯ 7 ಗಜದ ಹತ್ತಿರ. ಮೂರನೇ ಡೌನ್, ಇನ್ನೂ 11 ಗಜ ಬೇಕು. ನಮ್ಮ ಕಡೆ ಚೆಂಡು ಎಸೆಯುವ ಬಕ್ ಬೆಲ್ಯೂ ತಪ್ಪಿಸಿಕೊಂಡು ಓಡುತ್ತಾ ಎಸೆದ. ಲಿಂಡ್ಸೆ ಸ್ಕಾಟ್ ನೆಗೆದು ಹಿಡಿದ. ಅಲ್ಲಿಂದ ಮನ್ಸನ್ ಮಾಡಿದ್ದು ಲೆಕ್ಕ ಅಷ್ಟೇ. 25, 30, 35, 40, 45, 50. ಆಮೇಲೆ ಇಳಿಯುವ ಲೆಕ್ಕ, 45, 40. ನಡುವೆ "ಓಡು ಲಿಂಡ್ಸೆ!" ಅಂತ ಒಂದು ಕೂಗು. ಕಾಮೆಂಟೇಟರ್ ಆಟಗಾರನಿಗೇ ಹೇಳುತ್ತಿದ್ದಾರೆ, ನೋಡಿ! ಮತ್ತೆ 25, 20, 15, 10, 5. ಆಮೇಲೆ ಹೆಸರು ಬಿಟ್ಟು ಬೇರೇನೂ ಇಲ್ಲ. ಲಿಂಡ್ಸೆ ಸ್ಕಾಟ್, ಲಿಂಡ್ಸೆ ಸ್ಕಾಟ್, ಲಿಂಡ್ಸೆ ಸ್ಕಾಟ್.

ಎಸೆತ, ಓಟ ಎರಡೂ ಸೇರಿ ಒಟ್ಟು 93 ಗಜ. 26-21ರಿಂದ ಗೆಲುವು. ಕೂತಿದ್ದ ಕುರ್ಚಿ ಮುರಿದುಹೋಯಿತು ಅಂತಲೂ ಮನ್ಸನ್ ಅಲ್ಲೇ ಹೇಳಿದರು. ಉಕ್ಕಿನ ಕುರ್ಚಿ, ಐದು ಇಂಚಿನ ದಿಂಬು ಬೇರೆ. ಆಟ ನೋಡಲು ಬಂದು ಕಡಲ ತೀರದಲ್ಲಿ ನಾಲ್ಕು ದಿನಕ್ಕೆ ಮನೆ ಹಿಡಿದಿದ್ದ ಜಾರ್ಜಿಯಾದವರನ್ನೂ ನೆನೆಸಿಕೊಂಡು, ಇವತ್ತು ರಾತ್ರಿ ಎಷ್ಟು ಆಸ್ತಿಪಾಸ್ತಿ ಪುಡಿಯಾಗುತ್ತದೋ ಅಂದರು. ಆ ಋತುವಿನ ಕೊನೆಗೆ, 1981ರ ಹೊಸ ವರ್ಷದ ದಿನ ಜಾರ್ಜಿಯಾ ನಾಟರ್ ಡೇಮ್ ತಂಡವನ್ನು 17-10ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೂ ಜನರ ಬಾಯಲ್ಲಿ ಉಳಿದಿರುವುದು ಆ ಓಟ.

ನಮ್ಮ ಮಾಲೀಕರು ಆ ದಿನ ಮೇಕನ್ ಹತ್ತಿರ ಪಿಕಪ್ ಟ್ರಕ್ ಓಡಿಸುತ್ತಿದ್ದರಂತೆ. ಮೂರನೇ ಡೌನ್ ಅಂದಾಗ ಕೈ ನಡುಗಿ ಗಾಡಿಯನ್ನು ಬದಿಗೆ ಹಾಕಿದರು. ಲಿಂಡ್ಸೆ ಗೆರೆ ದಾಟಿದಾಗ ಬಾಗಿಲು ತೆಗೆದು ಕೆಳಗಿಳಿದು ನೋಡಿದರೆ, ಸ್ವಲ್ಪ ಮುಂದೆ ಇನ್ನೊಂದು ಕಾರು ನಿಂತಿತ್ತು. ಅದರಾಚೆ ಮತ್ತೊಂದು. ಗುರುತಿಲ್ಲದ ಮೂವರು ರಸ್ತೆ ಪಕ್ಕದ ಹುಲ್ಲಿನಲ್ಲಿ ತಬ್ಬಿಕೊಂಡರು. ಈ ಕಥೆಯನ್ನು ನಾನು ಅವರ ಬಾಯಲ್ಲಿ ಕನಿಷ್ಠ ಹತ್ತು ಸಲ ಕೇಳಿದ್ದೇನೆ. ಒಂದು ಸಲವೂ ಬೇಜಾರಾಗಲಿಲ್ಲ.

ನಮ್ಮ ಲ್ಯಾಬಿನಲ್ಲಿ ಒಬ್ಬ ಮಹಿಳೆ ಕೆಲಸ ಮಾಡುತ್ತಿದ್ದರು. ಅವರ ಅಣ್ಣ ಸೈನ್ಯದಲ್ಲಿ ಜರ್ಮನಿಯಲ್ಲಿದ್ದಾಗ ತಾಯಿ ಪ್ರತಿ ಶನಿವಾರ ಮನ್ಸನ್ ಕಾಮೆಂಟರಿಯನ್ನು ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ಅಣ್ಣನಿಗೆ ಫಲಿತಾಂಶ ಮೊದಲೇ ಗೊತ್ತಿರುತ್ತಿತ್ತು. ಆದರೂ ಕ್ಯಾಸೆಟ್ ಬೇಕೇ ಬೇಕು. ತಾಯಿ ಬರೆದ ಕಾಗದಕ್ಕಿಂತ ಮೊದಲು ಅದನ್ನೇ ಹಾಕುತ್ತಿದ್ದನಂತೆ.

ಇನ್ನೂ ಎಷ್ಟೋ ಇವೆ. 1982ರಲ್ಲಿ ಆಬರ್ನ್ ವಿರುದ್ಧ ಕೊನೆ ಗಳಿಗೆಯಲ್ಲಿ, "ಜಾಸ್ತಿ ಕೇಳುತ್ತಿದ್ದೇನೆ ಅಂತ ಗೊತ್ತು ಹುಡುಗರಾ, ಇನ್ನೊಂದೇ ಸಲ ಕಚ್ಚಿ ನಿಲ್ಲಿ" ಅಂತ ಬೇಡಿಕೊಂಡದ್ದು. ಗೆದ್ದ ಮೇಲೆ ಆಕಾಶದಿಂದ ಸಕ್ಕರೆ ಉದುರುತ್ತಿದೆ ಅಂದದ್ದು, ಯಾಕೆಂದರೆ ಆ ಗೆಲುವು ಶುಗರ್ ಬೌಲ್ ಆಟಕ್ಕೆ ದಾರಿ ಮಾಡಿಕೊಟ್ಟಿತು. 1984ರಲ್ಲಿ ಕ್ಲೆಮ್ಸನ್ ವಿರುದ್ಧ ಕೆವಿನ್ ಬಟ್ಲರ್ 60 ಗಜದಿಂದ ಒದೆಯಲು ಬಂದಾಗ, ಈಗ ಒಂದು ಲಕ್ಷ ಮೈಲಿ ಒದೆಯಲು ನೋಡುತ್ತೇವೆ ಅಂದರು. ಚೆಂಡು ಗೋಲ್ ಕಂಬಗಳ ನಡುವೆ ಹೋಯಿತು, ಪಾಯಿಂಟ್ ನಮ್ಮದಾಯಿತು.

ನಾನೇ ಕೂತು ಕೇಳಿದ್ದು 2001ರ ಅಕ್ಟೋಬರ್ 6. ನಾಕ್ಸ್‌ವಿಲ್‌ನಲ್ಲಿ ಟೆನೆಸಿ ಜೊತೆ. 1980ರಲ್ಲಿ ಹರ್ಷಲ್ ವಾಕರ್ ಆಡಿದ ಆ ಮೊದಲ ಆಟದ ನಂತರ ಜಾರ್ಜಿಯಾ ಅಲ್ಲಿ ಗೆದ್ದೇ ಇರಲಿಲ್ಲ. ಕೊನೆಯ ನಿಮಿಷದಲ್ಲಿ ಟೆನೆಸಿ 24-20ರಿಂದ ಮುಂದೆ ಹೋಯಿತು. ಮಾಲೀಕರು ಕಡಲೆಕಾಯಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಟಿವಿ ನೋಡುತ್ತಿರಲಿಲ್ಲ. ಕೈಯಲ್ಲಿ ಒಂದು ಕಡಲೆಕಾಯಿ, ಒಡೆದೂ ಇಲ್ಲ, ಬಿಟ್ಟೂ ಇಲ್ಲ. ಉಪ್ಪುನೀರು ಬೆರಳಿನಿಂದ ಮೊಣಕೈಗೆ ಇಳಿಯುತ್ತಿತ್ತು. ರೇಡಿಯೋದಲ್ಲಿ ಮನ್ಸನ್ ಸೆಕೆಂಡ್ ಎಣಿಸುತ್ತಿದ್ದರು. ನಮ್ಮ ಡೇವಿಡ್ ಗ್ರೀನ್ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಿದ. ವೆರಾನ್ ಹೇನ್ಸ್ ಒಬ್ಬನೇ ನಿಂತಿದ್ದ. ಹಿಡಿದ. ಉಳಿದದ್ದು ಐದು ಸೆಕೆಂಡ್. 26-24.

ಆಗ ಬಂತು ಆ ಮಾತು: ಮೊಳೆ ಹೊಡೆದ ಬೂಟಿನಿಂದ ಅವರ ಮುಖ ತುಳಿದು ಮೂಗು ಮುರಿದೆವು! ಬಟ್ಟಲು ನೆಲಕ್ಕೆ ಬಿತ್ತು. ಮಾಲೀಕರು ಎದ್ದು ಕುಣಿಯುತ್ತಾರೆ ಅಂದುಕೊಂಡೆ. ಕುಣಿಯಲಿಲ್ಲ. ರೇಡಿಯೋ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟುಕೊಂಡು ಸುಮ್ನೆ ನಿಂತರು. ನಮ್ಮ ತಾತ ಹಾಲು ಕರೆದ ಮೇಲೆ ಹಸುವಿನ ಬೆನ್ನ ಮೇಲೆ ಹಾಗೇ ಕೈ ಇಡುತ್ತಿದ್ದರು. ಅವತ್ತಿನಿಂದ ನಾನೂ ಟಿವಿಯ ಶಬ್ದ ಇಳಿಸಲು ಶುರುಮಾಡಿದೆ.

ಭಾವನೆ ಒಂದೇ ಇದ್ದಿದ್ದರೆ ಇಷ್ಟು ವರ್ಷ ನಡೆಯುತ್ತಿರಲಿಲ್ಲ. ಅವರಿಗೆ ಕಸುಬು ಚೆನ್ನಾಗಿ ಗೊತ್ತಿತ್ತು. ತಂಡ ನಿಮ್ಮ ರೇಡಿಯೋದ ಯಾವ ಕಡೆಗೆ ಹೋಗುತ್ತಿದೆ, ಚೆಂಡು ಯಾವ ಗೆರೆಯ ಮೇಲಿದೆ, ಎದುರಾಳಿಗಳು ಹೇಗೆ ನಿಂತಿದ್ದಾರೆ, ಎಷ್ಟು ಸಮಯವಿದೆ, ಎಲ್ಲ ಮೊದಲು ಹೇಳಿ ಚಿತ್ರ ಕಟ್ಟಿಕೊಡುತ್ತಿದ್ದರು. ಚಿತ್ರ ಕಟ್ಟಿದ ಮೇಲೆ ಕೂಗುತ್ತಿದ್ದರು. ನಾನು ಈ ಆಟ ಕಲಿತದ್ದೇ ಅವರ ದನಿಯಿಂದ. ಪುಸ್ತಕ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ.

2007ರಿಂದ ಅವರು ಹೊರ ಊರಿನ ಆಟಗಳಿಗೆ ಹೋಗುವುದನ್ನು ನಿಲ್ಲಿಸಿದರು. 2008ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ನಿವೃತ್ತರಾದರು. ಜಾಗಕ್ಕೆ ಸ್ಕಾಟ್ ಹೋವರ್ಡ್ ಬಂದರು. 2011ರ ನವೆಂಬರ್ 20ರಂದು ಮನ್ಸನ್ ತೀರಿಕೊಂಡರು, 89 ವರ್ಷ ಆಗಿತ್ತು. ಆ ರಾತ್ರಿ ಮಾಲೀಕರು ಫೋನ್ ಮಾಡಿದರು. ನಾನು ಆಗಲೇ ಅಟ್ಲಾಂಟಾಗೆ ಹೋಗಿ ಐದಾರು ವರ್ಷವಾಗಿತ್ತು. "ಕೇಳಿದೆಯಾ?" ಅಂದರು. "ಕೇಳಿದೆ ಸರ್" ಅಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಹಿಂದೆ ಗ್ಯಾರೇಜಿನಲ್ಲಿ ಕ್ಯಾಸೆಟ್ ಓಡುತ್ತಿರುವುದು ಫೋನಿನಲ್ಲಿ ಕೇಳಿಸುತ್ತಿತ್ತು. 30, 35, 40.

ಏಥೆನ್ಸ್‌ನ ಸ್ಯಾನ್‌ಫರ್ಡ್ ಕ್ರೀಡಾಂಗಣದಲ್ಲಿ 90 ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಆಟಕ್ಕೆ ಮುಂಚೆ ಮೇಲಿನ ಮೂಲೆಯಲ್ಲಿ ಒಬ್ಬನೇ ನಿಂತು ತುತ್ತೂರಿ ಊದುತ್ತಾನೆ. ಜನ ಟೋಪಿ ತೆಗೆದು ಅವನ ಕಡೆ ಕೈ ಚಾಚುತ್ತಾರೆ. ಮನ್ಸನ್ ತೀರಿಕೊಂಡ ಮೇಲೂ ಆ ಹೊತ್ತಿನಲ್ಲಿ ದೊಡ್ಡ ಪರದೆಯಿಂದ ಅವರ ರೆಕಾರ್ಡ್ ಆದ ದನಿ ಬರುತ್ತಿತ್ತು. ಮಗಳನ್ನು ಮೊದಲ ಸಲ ಕರೆದುಕೊಂಡು ಹೋದಾಗ "ಅಪ್ಪ, ಯಾರದು?" ಅಂತ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನ ಅಜ್ಜಿ ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು.

ನೀವು ಕೇಳಬೇಕು ಅಂತಿದ್ದರೆ 1980ರ ಜಾಕ್ಸನ್‌ವಿಲ್ ಆಟದಿಂದ ಶುರುಮಾಡಿ, ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಮೊದಲ ಸಲ ವಿಡಿಯೋ ನೋಡಬೇಡಿ. ಫೋನನ್ನು ಮಗುಚಿ ಇಟ್ಟು, ಬರೀ ಕೇಳಿ. ಲೆಕ್ಕ 50 ದಾಟಿ ಇಳಿಯಲು ಶುರುವಾದಾಗ ನಿಮಗೇ ಗೊತ್ತಾಗುತ್ತದೆ.