ಜೆರ್ಸಿ ಸಿಟಿಯಲ್ಲಿ ನದಿ ಕಾಣುವ ಮನೆಯೇ ಬೇಕಾ?

ಮ್ಯಾನ್‌ಹಟನ್‌ನಲ್ಲಿ ಕೆಲಸ ಸಿಕ್ಕಿದೆ, ಜೆರ್ಸಿ ಸಿಟಿಯಲ್ಲಿ ನದಿಗೆ ಎದುರಾಗಿ ಒಂದು ಫ್ಲಾಟ್ ನೋಡಿದ್ದೇನೆ, ಬಾಡಿಗೆ ಜಾಸ್ತಿ, ಆದರೂ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ. ನದಿ ನೋಡುವುದಕ್ಕೆ ಇಲ್ಲಿ ಯಾರೂ ದುಡ್ಡು ಕೊಡಬೇಕಾಗಿಲ್ಲ. ಜೆರ್ಸಿ ಸಿಟಿಗೂ ಮ್ಯಾನ್‌ಹಟನ್‌ಗೂ ನಡುವೆ ಹರಿಯುವ ಹಡ್ಸನ್ ನದಿಯ ದಡದಲ್ಲಿ ಹೊಸದಾಗಿ ಕಟ್ಟುವವರು ನೀರಿನ ಪಕ್ಕ ಜನ ಓಡಾಡುವುದಕ್ಕೆ ದಾರಿ ಬಿಡಬೇಕು ಅಂತ ನ್ಯೂಜೆರ್ಸಿಯಲ್ಲಿ ನಿಯಮವೇ ಇದೆ. ಹಾಗಾಗಿ ಆ ಗಾಜಿನ ಟವರ್‌ಗಳ ಮುಂದೆಯೇ ನೀವು ಆರಾಮಾಗಿ ವಾಕಿಂಗ್ ಹೋಗಬಹುದು.

ಸಹಿ ಹಾಕುವ ಮೊದಲು ಎಕ್ಸ್‌ಚೇಂಜ್ ಪ್ಲೇಸ್‌ನಲ್ಲಿ ಇಳಿದು ಒಂದು ಸುತ್ತು ಹಾಕಿ. ವರ್ಲ್ಡ್ ಟ್ರೇಡ್ ಸೆಂಟರ್‌ನಿಂದ ನ್ಯೂಜೆರ್ಸಿ ಮತ್ತು ಮ್ಯಾನ್‌ಹಟನ್ ನಡುವೆ ಓಡುವ ಪಾತ್ ರೈಲಿನಲ್ಲಿ ಒಂದೇ ಸ್ಟಾಪ್. ಹೊರಗೆ ಬಂದು ನದಿ ಕಡೆ ನಡೆದರೆ, ಬೆನ್ನಿಗೆ ಬಯೊನೆಟ್ (ಬಂದೂಕಿನ ತುದಿಯ ಚೂರಿ) ಚುಚ್ಚಿರುವ ಸೈನಿಕನ ಪ್ರತಿಮೆ ಕಾಣುತ್ತದೆ. ಚಿಕ್ಕ ಮಕ್ಕಳು ಹೆದರುತ್ತಾರೆ, ನಿಜ. 1940ರಲ್ಲಿ ಸೋವಿಯತ್‌ನವರು ಕಾಟಿನ್‌ನಲ್ಲಿ ಕೊಂದ ಪೋಲೆಂಡ್‌ನವರ ಸ್ಮಾರಕ ಅದು. 2018ರಲ್ಲಿ ಅದನ್ನು ಅಲ್ಲಿಂದ ಎತ್ತುವ ಮಾತು ಬಂದು ದೊಡ್ಡ ಗಲಾಟೆಯಾಯಿತು, ಕೊನೆಗೆ ಅಲ್ಲೇ ಉಳಿಯಿತು. ದಕ್ಷಿಣಕ್ಕೆ ಸ್ವಲ್ಪ ನಡೆದರೆ 42 ಮಹಡಿಯ ಗೋಲ್ಡ್‌ಮನ್ ಸ್ಯಾಕ್ಸ್ ಟವರ್, ಅದರ ಪಕ್ಕದಲ್ಲಿ ಕೋಲ್ಗೇಟ್ ಗಡಿಯಾರ. ಎಂಟು ಮೂಲೆಯದು, 50 ಅಡಿ ಅಗಲ, 1924ರದು. ಕೋಲ್ಗೇಟ್ ಫ್ಯಾಕ್ಟರಿ ಯಾವತ್ತೋ ಹೋಯಿತು, ಗಡಿಯಾರ ಮಾತ್ರ ಇದೆ. ತಮಾಷೆ ಏನೆಂದರೆ ಅದರ ಮುಖ ಮ್ಯಾನ್‌ಹಟನ್ ಕಡೆಗಿದೆ. ನಮ್ಮೂರಿನ ಗಡಿಯಾರದಲ್ಲಿ ಟೈಮ್ ನೋಡುವವರು ಆಚೆ ದಡದವರು!

ಅದರ ಹಿಂದಿನ ಬೀದಿಗಳೇ ಪೌಲಸ್ ಹುಕ್. ನನಗಂತೂ ವಾಸಕ್ಕೆ ಇದೇ ಇಷ್ಟ. ಇಟ್ಟಿಗೆಯ ಹಳೇ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಬೀದಿ ತುಂಬ ಮರ. 1779ರಲ್ಲಿ ಇಲ್ಲಿ ಬ್ರಿಟಿಷರ ಕೋಟೆಯ ಮೇಲೆ ಅಮೆರಿಕದ ಪಡೆ ರಾತ್ರಿ ದಾಳಿ ಮಾಡಿತ್ತು. ಗ್ರೀನ್, ವಾರನ್, ಮರ್ಸರ್, ಮಾಂಟ್‌ಗೊಮರಿ ಅನ್ನುವ ಬೀದಿ ಹೆಸರುಗಳೆಲ್ಲ ಆ ಕಾಲದ ಸೇನಾಧಿಕಾರಿಗಳವು. ಮ್ಯಾಪ್‌ನಲ್ಲಿ ಲಿಬರ್ಟಿ ಸ್ಟೇಟ್ ಪಾರ್ಕ್ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ, ನಂಬಬೇಡಿ. ನಡುವೆ ಮೋರಿಸ್ ಕಾಲುವೆಯ ನೀರಿದೆ, ಜೆರ್ಸಿ ಅವೆನ್ಯೂ ತನಕ ಸುತ್ತಿ ಹೋಗಬೇಕು. ಹೋದರೆ 1889ರ ಹಳೇ ರೈಲು ನಿಲ್ದಾಣ ನೋಡಿ. ಸ್ಟ್ಯಾಚ್ಯೂ ಆಫ್ ಲಿಬರ್ಟಿಗೆ ದೋಣಿ ಅಲ್ಲಿಂದಲೂ ಸಿಗುತ್ತದೆ, ಮ್ಯಾನ್‌ಹಟನ್‌ಗೆ ಹೋಗಿ ಕ್ಯೂ ನಿಲ್ಲಬೇಕಿಲ್ಲ.

ಒಂದು ಎಚ್ಚರಿಕೆ. ಹಳೇ ಮನೆ ಅಂದರೆ ಕೆಲವೊಮ್ಮೆ ಅರ್ಧ ನೆಲದ ಕೆಳಗಿನ ಫ್ಲಾಟ್ ತೋರಿಸುತ್ತಾರೆ, ಬಾಡಿಗೆ ಕಮ್ಮಿ ಅಂತ ಆಸೆಯಾಗುತ್ತದೆ. ಬೇಡ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನದಿ ಈ ಬೀದಿಗಳಿಗೇ ನುಗ್ಗಿತ್ತು, ಪಾತ್ ಸುರಂಗಕ್ಕೂ ನೀರು ಬಂದಿತ್ತು. ಪ್ರವಾಹದ ಅಪಾಯ ಇದ್ದರೆ ಬಾಡಿಗೆಗೆ ಕೊಡುವ ಮೊದಲೇ ಓನರ್ ಹೇಳಬೇಕು ಅನ್ನುವ ಕಾನೂನು 2024ರಿಂದ ಇದೆ. ಸಂಕೋಚ ಬಿಟ್ಟು ಕೇಳಿ, ಬರಹದಲ್ಲೇ ಕೇಳಿ.

ಉತ್ತರಕ್ಕೆ ನ್ಯೂಪೋರ್ಟ್. ಹಿಂದೆ ರೈಲ್ವೆ ಯಾರ್ಡ್ ಆಗಿದ್ದ ಜಾಗ, ಈಗ ಬರೀ ಟವರ್ ಮತ್ತು ಮಾಲ್. ನಮ್ಮ ಜನ ತುಂಬ ಇದ್ದಾರೆ, ಅನುಕೂಲವೂ ಹೌದು, ಆದರೆ ಜನವರಿಯಲ್ಲಿ ನದಿ ಗಾಳಿ ಆ ಟವರ್‌ಗಳ ಮಧ್ಯೆ ಬೀಸಿದರೆ ಎರಡು ಜಾಕೆಟ್ ಹಾಕಿದ್ದರೂ ಸಾಲುವುದಿಲ್ಲ.

ಗ್ರೋವ್ ಸ್ಟ್ರೀಟ್ ಪಾತ್ ನಿಲ್ದಾಣದ ಹತ್ತಿರ ನ್ಯೂವಾರ್ಕ್ ಅವೆನ್ಯೂದ ಒಂದು ಭಾಗಕ್ಕೆ ಕಾರು ಬಿಡುವುದಿಲ್ಲ, ಎಲ್ಲ ಹೋಟೆಲ್, ಬಾರ್. ಶನಿವಾರ ರಾತ್ರಿ ನಿದ್ದೆ ಬೇಕಿದ್ದರೆ ಆ ರಸ್ತೆ ಮೇಲೆಯೇ ಮನೆ ಮಾಡಬೇಡಿ. ಇದೇ ನ್ಯೂವಾರ್ಕ್ ಅವೆನ್ಯೂ ಮೇಲಕ್ಕೆ ಹೋಗಿ ಜರ್ನಲ್ ಸ್ಕ್ವೇರ್ ಹತ್ತಿರ ಇಂಡಿಯಾ ಸ್ಕ್ವೇರ್ ಆಗುತ್ತದೆ. ಬೇಳೆ, ಕರಿಬೇವು, ಪೂಜೆ ಸಾಮಾನು ಎಲ್ಲ ಅಲ್ಲಿ. ಗ್ರೋವ್‌ನಿಂದ ಪಾತ್‌ನಲ್ಲಿ ಒಂದೇ ಸ್ಟಾಪ್.

ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ: ಪಾತ್ ಟಿಕೆಟ್ ಬೇರೆ, ನ್ಯೂಯಾರ್ಕ್ ಸಬ್‌ವೇ ಟಿಕೆಟ್ ಬೇರೆ. ಇಳಿದು ಮತ್ತೆ ಸಬ್‌ವೇ ಹತ್ತಬೇಕಾದರೆ ದಿನಕ್ಕೆ ಎರಡು ಕಡೆಯೂ ಕೊಡಬೇಕು. ಅದಕ್ಕೇ ನಿಮ್ಮ ಆಫೀಸ್ ಎಲ್ಲಿದೆ ಅನ್ನುವುದು ಮುಖ್ಯ. ವಾಲ್ ಸ್ಟ್ರೀಟ್ ಕಡೆ ಆದರೆ ಪೌಲಸ್ ಹುಕ್ ನೋಡಿ. ಮ್ಯಾನ್‌ಹಟನ್‌ನ 33ನೇ ಬೀದಿಯ ಸುತ್ತಮುತ್ತ ಆದರೆ ಗ್ರೋವ್ ಅಥವಾ ನ್ಯೂಪೋರ್ಟ್, ಅಲ್ಲೂ ನದಿಯಿಂದ ನಾಲ್ಕೈದು ಬೀದಿ ಒಳಗೆ. ಆಫೀಸ್ ಎಲ್ಲಿ ಅಂತ ತಿಳಿಸಿ, ಯಾವ ಬೀದಿ ನೋಡಬಹುದು ಅಂತ ಹೇಳುತ್ತೇನೆ.